ಇಪ್ಪತ್ತೆರಡು ದಿನಗಳ ನೀರು

ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಅಳತೆ ಟೀಚರ್. ಇಪ್ಪತ್ತಾರು ವರ್ಷದಿಂದ ಅದೇ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಆಕೆಗೆ ಅಳೆಯದೆ ಯಾವುದನ್ನೂ ಒಪ್ಪಿ ಅಭ್ಯಾಸವಿರಲಿಲ್ಲ. ಯಾವನಾದರೂ ಹುಡುಗ ಏದುಸಿರು ಬಿಡುತ್ತಾ ಬಂದು, "ಟೀಚರ್, ಎಷ್ಟು ದೊಡ್ಡ ಹಾವು ಗೊತ್ತಾ!" ಎಂದು ಎರಡೂ ಕೈ ಚಾಚಿದರೆ, ಅಡಿಕೋಲು ತಂದು ಆ ಕೈಗಳ ನಡುವಿನ ಅಂತರವನ್ನೇ ಅಳೆದು, "ನಾಲ್ಕಡಿ ಎರಡಂಗುಲ. ನಿನ್ನ ಹೆದರಿಕೆ ಸೇರಿಸಿ," ಎನ್ನುತ್ತಿದ್ದರು. ಈ ಮಾತು ಶಾಲೆಯಲ್ಲಿ ವರ್ಷಗಟ್ಟಲೆ ಓಡಾಡಿತು. ಯಾರು ಏನು ಕೊಚ್ಚಿಕೊಂಡರೂ, "ಹೆದರಿಕೆ ಸೇರಿಸಿಯೋ, ಬಿಟ್ಟೋ?" ಎಂದು ಮಕ್ಕಳು ಕಿಚಾಯಿಸುವರು.

ಹಾಗಾಗಿ ಸಾಗರ ವಿಜ್ಞಾನ ಕೇಂದ್ರದವರು ಶಾಲೆಗಳನ್ನು ಸೇರಿಸಿಕೊಂಡು ನೀರಿನ ಅಳತೆ ಶುರು ಮಾಡಬೇಕೆಂದು ಹೊರಟಾಗ ಮೊದಲು ಹುಡುಕಿಕೊಂಡು ಬಂದದ್ದು ಇವರನ್ನೇ. ಕೆಲಸ ಕೇಳಲು ಸುಲಭ. ಒಂದೊಂದು ಶಾಲೆ ಒಂದೊಂದು ಜಾಗ ಆರಿಸಿಕೊಳ್ಳಬೇಕು. ದಿನಾ ಬೆಳಿಗ್ಗೆ ಎಂಟಕ್ಕೆ ಅಲ್ಲಿನ ನೀರು ಎಷ್ಟು ಬಿಸಿ, ಎಷ್ಟು ಉಪ್ಪು, ಎಷ್ಟು ತಿಳಿ ಎಂದು ನೋಡಿ ಬರೆಯಬೇಕು. ವಾರಕ್ಕೊಮ್ಮೆ, ರಜೆಯಲ್ಲಾದರೆ ರಜೆ ಮುಗಿದ ಮೇಲೆ ಒಟ್ಟಿಗೆ, ಕೇಂದ್ರಕ್ಕೆ ಕಳಿಸಬೇಕು. ಎಂಬತ್ತು ಶಾಲೆಗಳು ಸೇರಿದವು. ಮೊದಲ ಮಳೆಗೇ ಅರ್ಧ ಶಾಲೆಗಳ ಉತ್ಸಾಹ ತೊಳೆದುಹೋಯಿತು. ಅಳತೆ ಟೀಚರ ಶಾಲೆ ಮಾತ್ರ, ನದಿ ಕಡಲು ಸೇರುವ ಅಳಿವೆಯ ಪಕ್ಕ, ಹಳೆಯ ಜೆಟ್ಟಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತು ಆರು ವರ್ಷ ಒಂದೇ ಒಂದು ದಿನವನ್ನೂ ಬಿಡಲಿಲ್ಲ. ಜ್ವರವಿದ್ದರೂ ಮಕ್ಕಳು ಪಾಳಿ ತಪ್ಪಿಸುತ್ತಿರಲಿಲ್ಲ. ರಜೆಯಲ್ಲಿ ಮಕ್ಕಳು ನೆಂಟರ ಊರಿಗೆ ಹೋದಾಗ ಟೀಚರೇ ಹೋಗಿ ಅಳೆಯುತ್ತಿದ್ದರು. ಅವರ ಮನೆಯಿಂದ ಜೆಟ್ಟಿಗೆ ಹತ್ತು ನಿಮಿಷದ ದಾರಿ. ಅಲ್ಲಿ ಥರ್ಮಾಮೀಟರ್ ಇಟ್ಟಿದ್ದ ಮರದ ಪೆಟ್ಟಿಗೆಯ ಕೀಲಿ ಅವರ ಬಳಿಯೇ ಇರುತ್ತಿತ್ತು.

ಆ ವರ್ಷದ ಶಿಕ್ಷಕರ ತರಬೇತಿ ಕೇಂದ್ರದ ಮೇಲಂತಸ್ತಿನ ಸಭಾಂಗಣದಲ್ಲಿ ಐದು ದಿನ. ಮೂವತ್ತು ಜನ ಮೇಷ್ಟ್ರು, ಟೀಚರುಗಳು. ಕಿಟಕಿಗಳಿಗೆ ಉಪ್ಪುಗಾಳಿ ಬಡಿದು ಗಾಜೆಲ್ಲ ಮಬ್ಬಾಗಿತ್ತು. ಮೊದಲ ಎರಡು ದಿನ ಪ್ಲವಕವೆಂಬ ತೇಲುಜೀವಿಗಳು, ಉಬ್ಬರ ಇಳಿತ, ಸೂಕ್ಷ್ಮದರ್ಶಕ ಎಲ್ಲ ಆಯಿತು. ಮೂರನೆಯ ದಿನ ಬೆಳಿಗ್ಗೆ, ಶಾಲೆಗಳ ಕೆಲಸ ನೋಡಿಕೊಳ್ಳುತ್ತಿದ್ದ ವಿಜ್ಞಾನಿ, ಎಲ್ಲರೂ ಕಡಲ ಮೇಡಂ ಎನ್ನುತ್ತಿದ್ದ ಆಕೆ, ಪರದೆ ಮೇಲೆ ನೀರಿನ ಬಿಸಿಯ ಒಂದು ಗೆರೆಚಿತ್ರ ಹಾಕಿದರು. ಅಳಿವೆಯ ಜೆಟ್ಟಿ, ಆರು ವರ್ಷ, ಎಲ್ಲೂ ಕಡಿಯದ ನೀಲಿ ಗೆರೆ.

"ಇದನ್ನ ಬರೆದ ಶಾಲೆಯ ಟೀಚರ್ ಇಲ್ಲೇ ಕೂತಿದ್ದಾರೆ," ಎಂದರು ಮೇಡಂ. ಎಲ್ಲರೂ ತಿರುಗಿ ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಅಳತೆ ಟೀಚರ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಅಂಕಿ ಯಾಕೆ ಬೇಕು ಅಂತ ಮಕ್ಕಳು ಕೇಳ್ತಾರಲ್ಲ, ಅದಕ್ಕೆ ಇದೇ ಉತ್ತರ," ಎಂದು ಮೇಡಂ ಮುಂದುವರಿಸಿದರು. "ಎರಡು ವರ್ಷದ ಹಿಂದಿನ ಬೇಸಿಗೆ. ಅಳಿವೆಯಲ್ಲಿ ಕಪ್ಪೆಚಿಪ್ಪು ಆಯೋ ಹೆಂಗಸರು ಒಂದು ದೂರು ಕೊಟ್ರು. ಆಚೆ ದಡದ ಕಾರ್ಖಾನೆ ಬಿಸಿನೀರು ಬಿಟ್ಟಿದೆ, ಚಿಪ್ಪೆಲ್ಲ ಬಾಯಿ ಬಿಟ್ಟು ಸತ್ತಿವೆ ಅಂತ. ತನಿಖೆಯವರು ನಮ್ಮನ್ನ ಕೇಳಿದ್ರು. ಆ ತಿಂಗಳು ನಮ್ಮ ಸ್ವಂತ ಯಂತ್ರ ರಿಪೇರಿಗೆ ಹೋಗಿತ್ತು. ಇದ್ದದ್ದು ಈ ಶಾಲೆಯ ಅಂಕಿ ಒಂದೇ. ಚಿಪ್ಪಿನ ಜಾಗದಿಂದ ಇನ್ನೂರು ಹೆಜ್ಜೆ ದೂರದ್ದು." ಅವರು ಕೋಲಿನಿಂದ ಗೆರೆಯ ಒಂದು ತುಂಡನ್ನು ಮುಟ್ಟಿದರು. "ನೋಡಿ. ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತೂವರೆ, ಇಪ್ಪತ್ತೊಂಬತ್ತು. ಏನೂ ಆಗಿಲ್ಲ. ದೂರು ಮುಚ್ಚಿತು. ಗಾಳಿಮಾತಿಗೂ ಅಳತೆಗೂ ಇರೋ ವ್ಯತ್ಯಾಸ ಇದು."

ಇಪ್ಪತ್ತೊಂಬತ್ತು ಪೆನ್ನುಗಳು ಬರೆದುಕೊಂಡವು. ಒಂದು ಬರೆಯಲಿಲ್ಲ.

ಆ ದೂರಿನ ವಿಷಯ ಟೀಚರಿಗೆ ಗೊತ್ತೇ ಇರಲಿಲ್ಲ. ಚಿಪ್ಪು ಸತ್ತದ್ದು ಗೊತ್ತಿತ್ತು. ಅಳಿವೆಯ ದಡದಲ್ಲಿ ಮನೆ ಮಾಡಿಕೊಂಡವರಿಗೆ ಆ ವಾಸನೆ ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಹೆಂಗಸರು ದೂರು ಕೊಟ್ಟದ್ದು, ಅದನ್ನು ಯಾರೋ ಎಲ್ಲಿಯೋ ತೂಗಿದ್ದು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತನ್ನ ಪುಸ್ತಕ ಇದ್ದದ್ದು ಇದೇ ಮೊದಲು ಕೇಳುತ್ತಿರುವುದು. ಮೇಡಂ ಕೋಲಿನಿಂದ ಮುಟ್ಟಿದ ಆ ತುಂಡನ್ನು ಯಾವ ಥರ್ಮಾಮೀಟರೂ ಬರೆದಿರಲಿಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆ ರಜೆ ಶುರುವಾದ ನಾಲ್ಕನೆಯ ದಿನ, ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂದಿತ್ತು. ಅಕ್ಕ ಎಂದರೆ ಟೀಚರಿಗೆ ತಾಯಿಯೇ. ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ಇವರಿಗೆ ಐದು. ಅಲ್ಲಿಂದ ಮುಂದೆ ತಲೆ ಬಾಚಿದವಳು, ಹೊಲಿಗೆ ಯಂತ್ರ ತುಳಿದು ಕಾಲೇಜು ಓದಿಸಿದವಳು, ತಂಗಿಗೆ ಕೆಲಸ ಸಿಕ್ಕ ದಿನ ಬೀದಿಯವರಿಗೆಲ್ಲ ಹೇಳಿಕೊಂಡು ಬಂದವಳು ಅವಳೇ. ಆಸ್ಪತ್ರೆಯಿದ್ದ ಊರು ಬಸ್ಸಿನಲ್ಲಿ ಒಂಬತ್ತು ಗಂಟೆ. ಟೀಚರ್ ಉಟ್ಟ ಬಟ್ಟೆಯಲ್ಲೇ ಹೊರಟರು. ಪೆಟ್ಟಿಗೆಯ ಕೀಲಿ ಕೈಚೀಲದ ತಳದಲ್ಲಿ ಅವರ ಜೊತೆಗೇ ಹೋಯಿತು. ಯಾರಿಗಾದರೂ ಕೊಟ್ಟು ಹೋಗಬೇಕೆಂದು ಹೊಳೆಯಲಿಲ್ಲ. ಹೊಳೆಯುವ ಸ್ಥಿತಿಯೂ ಅಲ್ಲ.

ಇಪ್ಪತ್ತೆರಡು ದಿನ. ಆ ದಿನಗಳಲ್ಲಿ ಟೀಚರ್ ಅಳೆದದ್ದು ಅಕ್ಕನ ಜ್ವರವನ್ನು ಮಾತ್ರ. ಹತ್ತೊಂಬತ್ತನೆಯ ದಿನ ಅಕ್ಕ ಹೋದಳು. ಮಾಡಬೇಕಾದದ್ದನ್ನೆಲ್ಲ ಮುಗಿಸಿ, ಅವಳ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಮನೆಗೆ ಬಂದು ಬಾಗಿಲು ತೆಗೆದಾಗ ಮೇಜಿನ ಮೇಲೆ ಪುಸ್ತಕ ಕಂಡಿತು. ಇಪ್ಪತ್ತೆರಡು ಸಾಲು ಖಾಲಿ.

ಖಾಲಿ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇದನ್ನು ಟೀಚರ್ ಆಮೇಲೆ ಸಾವಿರ ಸಲ ತಮಗೆ ತಾವೇ ಹೇಳಿಕೊಂಡರು. ಆದರೆ ಆವತ್ತು ಅವರಿಗೆ ಕಂಡದ್ದು ಮಕ್ಕಳ ಮುಖ. ಜ್ವರದಲ್ಲೂ ಪಾಳಿ ತಪ್ಪಿಸದ ಮಕ್ಕಳು; 'ನಮ್ಮದು ಒಂದು ದಿನವೂ ಬಿಟ್ಟಿಲ್ಲ' ಎಂದು ಬೇರೆ ಶಾಲೆಯವರ ಮುಂದೆ ಎದೆಯುಬ್ಬಿಸುವ ಮಕ್ಕಳು. ಹಿಂದಿನ ವರ್ಷಗಳ ಪುಸ್ತಕ ತೆಗೆದರು. ಅದೇ ತಾರೀಖುಗಳ ಸರಾಸರಿ ಹಾಕಿದರು. ಇಲ್ಲೊಂದು ಅರ್ಧ ಹೆಚ್ಚು, ಅಲ್ಲೊಂದು ಕಾಲು ಕಡಿಮೆ ಮಾಡಿದರು. ಒಂದೇ ಸಲ ಬರೆದಂತೆ ಕಾಣಬಾರದೆಂದು ನೀಲಿ ಪೆನ್ನು, ಕಪ್ಪು ಪೆನ್ನು ಬದಲಾಯಿಸಿದರು. ಒಂದು ಕಡೆ ಬೇಕೆಂದೇ ಕಾಟು ಹೊಡೆದು ತಿದ್ದಿದರು. ಅಕ್ಕ ಹೋದ ದಿನದ ಸಾಲಿಗೆ ಬಂದಾಗ ಕೈ ಒಂದು ಗಳಿಗೆ ನಿಂತಿತು. ಅಲ್ಲಿಗೂ ಇಪ್ಪತ್ತೊಂಬತ್ತು ಎಂದು ಬರೆದರು.

ಇಷ್ಟೇ ಆಗಿದ್ದರೆ ಟೀಚರ್ ಸಭಾಂಗಣದಲ್ಲಿ ಕೂತು ಹೇಗೋ ಉಸಿರು ಹಿಡಿದುಕೊಳ್ಳುತ್ತಿದ್ದರೇನೋ. ಇನ್ನೊಂದಿತ್ತು. ಶಾಲೆ ತೆರೆದ ವಾರ ಎಂಟನೆಯ ತರಗತಿಯ ಒಬ್ಬಳು ಹುಡುಗಿ ಬಂದು ನಿಂತಿದ್ದಳು. ಅವಳ ತಾಯಿ ಚಿಪ್ಪು ಆಯುವವಳು. ಕೂತಲ್ಲಿ ಕೂರದ ಹುಡುಗಿಯೆಂದು ಟೀಚರೇ ಅವಳಿಗೆ ಪಾದರಸ ಎಂದು ಹೆಸರಿಟ್ಟಿದ್ದರು. ಅದೇ ಖಾಯಂ ಆಗಿತ್ತು.

"ಟೀಚರ್, ರಜೆಯಲ್ಲಿ ನಾನು ಜೆಟ್ಟಿಗೆ ಹೋಗಿದ್ದೆ. ಪೆಟ್ಟಿಗೆಗೆ ಬೀಗ ಇತ್ತು. ನೀರಲ್ಲಿ ಕೈ ಇಟ್ಟು ನೋಡಿದೆ. ಬಿಸಿ ಇತ್ತು ಟೀಚರ್. ಅಮ್ಮನೂ ಹಾಗೇ ಅಂದ್ಲು."

ಅಕ್ಕ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಆ ಮಾತು ಕೇಳಿ ಟೀಚರಿಗೆ ಬಂದದ್ದು ಹೆದರಿಕೆ. ಹೆದರಿಕೆಯನ್ನು ಅವರು ಪಾಠ ಮಾಡಿ ಮುಚ್ಚಿದರು. ಮೂರು ಬೋಗುಣಿ ತರಿಸಿದರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ಐಸು ಹಾಕಿದ ನೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಪಾದರಸಳ ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣಗಿನದರಲ್ಲಿ ಇಡಿಸಿ, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಿಸಿದರು. "ಏನು ಅನ್ನಿಸುತ್ತೆ?"

"ಒಂದು ಕೈಗೆ ಬಿಸಿ, ಒಂದು ಕೈಗೆ ತಣ್ಣಗೆ."

"ನೀರು ಒಂದೇ ಅಲ್ವಾ? ನೋಡಿದ್ಯಾ, ಕೈ ಸುಳ್ಳು ಹೇಳುತ್ತೆ. ಥರ್ಮಾಮೀಟರ್ ಹೇಳಲ್ಲ."

ತರಗತಿಯೆಲ್ಲ 'ಓ' ಎಂದಿತು. ಆ ವರ್ಷದ ಅತ್ಯುತ್ತಮ ಪಾಠ ಅದೇ ಎಂದು ಮುಖ್ಯೋಪಾಧ್ಯಾಯರು ಹೊಗಳಿದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದರು. ಟೀಚರ್ ಮೆಟ್ಟಿಲ ಬಳಿ ನಿಂತರು, ವಾಪಸು ಬಂದರು, ಮತ್ತೆ ಮೆಟ್ಟಿಲವರೆಗೆ ಹೋದರು. ಕೊನೆಗೆ ಕಡಲ ಮೇಡಂ ಕೂರುವ ಕೋಣೆಯ ಬಾಗಿಲು ತಟ್ಟಿದರು. ಒಳಗೆ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ಪಂಪಿನ ಗುಳುಗುಳು ಸದ್ದು. ಮೇಡಂ ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಯಾರದೋ ವರದಿ ಹಿಡಿದು ಊಟ ಮಾಡುತ್ತಿದ್ದರು.

"ಬನ್ನಿ ಟೀಚರ್. ಊಟ ಆಯ್ತಾ?"

"ಮೇಡಂ, ನೀವು ಬೆಳಿಗ್ಗೆ ತೋರಿಸಿದ್ರಲ್ಲ, ಆ ಬೇಸಿಗೆಯ ತುಂಡು. ಅದು ನೀರಿನದಲ್ಲ."

"ಅಂದ್ರೆ?"

"ನಾನು ಕೂತು ಬರೆದದ್ದು."

ಮೇಡಂ ಚಮಚ ಕೆಳಗಿಟ್ಟರು. "ಥರ್ಮಾಮೀಟರ್ ಕೆಟ್ಟಿತ್ತಾ?" ಎಂದು ಕೇಳಿದರು. ದನಿಯಲ್ಲಿ ಆಸೆಯಿತ್ತು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ ಮೇಡಂ. ನಾನೇ ಇರ್ಲಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದರು. ಎರಡು ಪೆನ್ನಿನ ವಿಷಯವನ್ನೂ ಬಿಡಲಿಲ್ಲ.

ಮೇಡಂ ಊಟದ ಡಬ್ಬಿಗೆ ಮುಚ್ಚಳ ಹಾಕಿದರು. ಬೈಯುತ್ತಾರೆಂದು ಟೀಚರ್ ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು.

"ತನಿಖೆಯವರಿಗೆ ಕಳಿಸಿದ ಪತ್ರಕ್ಕೆ ಸಹಿ ಹಾಕಿದ್ದು ನಾನು," ಎಂದರು ಮೇಡಂ. "ಆ ಹೆಂಗಸರು ಗೇಟಿನವರೆಗೂ ಬಂದಿದ್ರು. ಒಬ್ಬಳು ಬುಟ್ಟಿ ತುಂಬ ಬಾಯಿಬಿಟ್ಟ ಚಿಪ್ಪು ಹೊತ್ಕೊಂಡು. ವಾಸನೆ ಅಂತ ವಾಚ್‌ಮನ್ ಒಳಗೆ ಬಿಡ್ಲಿಲ್ಲ. ನಾನು ಈ ಕಿಟಕಿಯಿಂದಲೇ ನೋಡಿದೆ. ಕೆಳಗೆ ಇಳಿದು ಹೋಗ್ಲಿಲ್ಲ. ಯಾಕೆ ಹೋಗ್ಬೇಕು? ನನ್ನ ಹತ್ರ ನಿಮ್ಮ ಅಂಕಿ ಇತ್ತಲ್ಲ."

ಮೇಡಂ ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದರು.

"ಇದು ಹೊರಗೆ ಬಂದ್ರೆ ಏನಾಗುತ್ತೆ ಗೊತ್ತಾ? ಸ್ಕೂಲ್ ಮಕ್ಕಳ ಅಂಕಿ ನಂಬೋದು ಹೇಗೆ ಅಂತ ನಮ್ಮ ನಿರ್ದೇಶಕರು ಮೊದಲ ದಿನದಿಂದ ಕೇಳ್ತಾನೇ ಇದ್ದಾರೆ. ಆರು ವರ್ಷದಿಂದ ನಾನು ಅವರಿಗೆ ತೋರಿಸ್ತಾ ಬಂದಿದ್ದು ನಿಮ್ಮ ಗೆರೆ. ಎಂಬತ್ತು ಸ್ಕೂಲಿನ ಕಾರ್ಯಕ್ರಮ ನಿಂತಿರೋದು ಅದರ ಮೇಲೆ." ಮೇಡಂ ಹಣೆ ಒತ್ತಿಕೊಂಡರು. "ಮೂರನೇ ಮನುಷ್ಯರಿಗೆ ಗೊತ್ತಿಲ್ಲ. ಬೇರೆ ಚಿತ್ರ ಹಾಕ್ಕೊಂಡು ನಾನು ಸುಮ್ಮನಿದ್ದುಬಿಡಬಹುದು. ನೀವೂ."

"ಬಹುದು," ಎಂದರು ಟೀಚರ್. ಬಾಗಿಲ ಕಡೆ ತಿರುಗುತ್ತಾ, "ಆ ಹುಡುಗಿ ಇನ್ನೂ ನನ್ನ ಕ್ಲಾಸಿನಲ್ಲೇ ಇದ್ದಾಳೆ ಮೇಡಂ. ಮೊದಲ ಬೆಂಚು," ಎಂದರು.

"ನಾಳೆ ಬೆಳಿಗ್ಗೆವರೆಗೆ ಟೈಮ್ ಕೊಡಿ."

ಮರುದಿನ ಬೆಳಿಗ್ಗೆ ಮೇಡಂ ಗೇಟಿನ ಬಳಿಯೇ ಕಾಯುತ್ತಿದ್ದರು. ಕಣ್ಣು ಊದಿಕೊಂಡಿದ್ದವು. "ನಾನು ಹೇಳ್ಲಾ, ನೀವು ಹೇಳ್ತೀರಾ?" ಎಂದಷ್ಟೇ ಕೇಳಿದರು.

ಟೀಚರೇ ಹೇಳಿದರು. ಮೈಕು ಬೇಡವೆಂದರು, ಇಪ್ಪತ್ತಾರು ವರ್ಷ ಗಂಟಲು ಪಳಗಿದ್ದು ಆವತ್ತು ಕೆಲಸಕ್ಕೆ ಬಂತು. ಅಕ್ಕನ ವಿಷಯ ಒಂದೇ ವಾಕ್ಯದಲ್ಲಿ ಮುಗಿಸಿದರು, ಯಾರೂ ಅಯ್ಯೋ ಎನ್ನಬಾರದೆಂದು. ಮೂರು ಬೋಗುಣಿಯ ಪಾಠವನ್ನು ಮಾತ್ರ ಪೂರ್ತಿ ಹೇಳಿದರು. ಹಿಂದಿನ ಸಾಲಿನಲ್ಲಿ, ನಿವೃತ್ತಿಗೆ ನಾಲ್ಕು ತಿಂಗಳಿದ್ದ ಒಬ್ಬರು ಮೇಷ್ಟ್ರು ಎದ್ದು, "ಎಷ್ಟು ದಿನ ಅಂದ್ರಿ?" ಎಂದರು.

"ಇಪ್ಪತ್ತೆರಡು."

"ನಂದು ಮೂವತ್ತರ ಮೇಲಿದೆ," ಎಂದು ಅವರು ಕೂತುಬಿಟ್ಟರು.

ಯಾರಿಗೂ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಆವತ್ತಿನ ಪಾಠಗಳನ್ನೆಲ್ಲ ಮೇಡಂ ಕೈಬಿಟ್ಟರು. ಎಲ್ಲರ ಕೈಗೂ ಒಂದೊಂದು ಖಾಲಿ ಚೀಟಿ ಕೊಟ್ಟು, ಅಳೆಯದೆ ಬರೆದ ದಿನಗಳಿದ್ದರೆ ಬರೆದುಕೊಡಿ, ಶಾಲೆಯ ಹೆಸರು ಬೇಕು, ನಿಮ್ಮ ಹೆಸರು ಬೇಡ ಎಂದರು. ಸಂಜೆಯೊಳಗೆ ಹನ್ನೊಂದು ಚೀಟಿ ಬಂದವು. ಒಂದರಲ್ಲಿ, 'ಮಳೆಗಾಲದ ಭಾನುವಾರಗಳೆಲ್ಲ ನನ್ನ ಹೆಂಡತಿಯ ಅಂದಾಜು. ಆಕೆಯ ಅಂದಾಜು ಸಾಮಾನ್ಯವಾಗಿ ತಪ್ಪುವುದಿಲ್ಲ' ಎಂದಿತ್ತು. ಮೇಡಂ ಅದನ್ನು ಓದಿ ನಕ್ಕರು. ನಗುತ್ತಿದ್ದವರು ಹಾಗೆಯೇ ಕನ್ನಡಕ ತೆಗೆದು ಮುಖಕ್ಕೆ ಕರ್ಚೀಫು ಹಿಡಿದುಕೊಂಡರು.

ಶಾಲೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಮುಖ್ಯೋಪಾಧ್ಯಾಯರು ಕೇಳಿ ತಲೆ ಮೇಲೆ ಕೈ ಹೊತ್ತರು. "ಅಲ್ಲ ಟೀಚರ್, ಬಾಯಿ ಮುಚ್ಕೊಂಡು ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಕೇಂದ್ರದವರು ಕೊಟ್ಟ ಪ್ರಶಸ್ತಿ ಪತ್ರ ಗೋಡೆ ಮೇಲೆ ತೂಗುಹಾಕಿದ್ದೀನಿ. ಬಂದವರಿಗೆಲ್ಲ ತೋರಿಸಿದ್ದೀನಿ."

"ಇಳಿಸಿಬಿಡಿ ಸಾರ್."

"ಇಳಿಸಿದ್ರೆ ಗೋಡೆ ಮೇಲೆ ಅದರ ಗುರುತು ಉಳಿಯುತ್ತಲ್ಲ, ಸುಣ್ಣ ಹೊಡೆಸ್ಬೇಕು," ಎಂದರು ಅವರು. ಕೋಪಕ್ಕಿಂತ ಹೆಚ್ಚಾಗಿ ಅವರಿಗೆ ಅಳು ಬಂದಿತ್ತು. ಒಳ್ಳೆಯ ಮನುಷ್ಯ, ಆ ಪತ್ರವನ್ನು ವಾರಕ್ಕೊಮ್ಮೆ ತಮ್ಮ ಕೈಯಾರೆ ಒರೆಸುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ಟೀಚರ್ ನಿಂತುಕೊಂಡೇ ಹೇಳಿದರು. ಮಕ್ಕಳಿಗೆ ಮೊದಲು ಅರ್ಥವಾಗಲಿಲ್ಲ. ಒಬ್ಬ, "ಆದ್ರೂ ಟೀಚರ್, ನಾವು ಬರೆದದ್ದೆಲ್ಲ ಸರಿ ಇದೆ ಅಲ್ವಾ?" ಎಂದ. ಅವನ ಮುಖ ನೋಡಲಾಗಲಿಲ್ಲ. "ನಿಮ್ಮದೆಲ್ಲ ಸರಿ ಇದೆ. ಒಂದೂ ತಪ್ಪಿಲ್ಲ. ತಪ್ಪು ನನ್ನದು," ಎಂದರು. ಮೊದಲ ಬೆಂಚಿನಲ್ಲಿ ಪಾದರಸ ಎದ್ದಳು. ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಯಾರ ಮುಖವನ್ನೂ ನೋಡದೆ ತರಗತಿಯಿಂದ ಹೊರಗೆ ನಡೆದಳು. ಯಾವತ್ತೂ ಓಡುತ್ತಲೇ ಹೋಗುತ್ತಿದ್ದ ಹುಡುಗಿ ಆವತ್ತು ನಡೆದುಕೊಂಡು ಹೋದಳು.

ಆ ಸಂಜೆ ಟೀಚರ್ ಅವಳ ತಾಯಿಯನ್ನು ಹುಡುಕಿಕೊಂಡು ಹೋದರು. ಚಿಪ್ಪಿನ ಜಾಗ ಸತ್ತ ಮೇಲೆ ಆಕೆ ಬಂದರಿನ ಮೀನು ಹಸನು ಮಾಡುವ ಶೆಡ್ಡಿಗೆ ಸೇರಿದ್ದಳು. ತಗಡಿನ ಮಾಡು, ಕೆಳಗೆ ಉದ್ದನೆಯ ಕಲ್ಲಿನ ಕಟ್ಟೆ, ಸಾಲಾಗಿ ಹೆಂಗಸರು, ನೆಲದ ತುಂಬ ನೀರು. ಪಾಳಿ ಮುಗಿಯುವವರೆಗೂ ಟೀಚರ್ ಹೊರಗೆ ಖಾಲಿ ಕ್ರೇಟಿನ ಮೇಲೆ ಕೂತಿದ್ದರು. ಆಕೆ ರಬ್ಬರಿನ ಏಪ್ರನ್ ಬಿಚ್ಚುತ್ತಾ ಬಂದಳು.

"ಮಗಳು ಹೇಳಿದ್ಲು," ಎಂದಳು, ಟೀಚರ್ ಬಾಯಿ ತೆರೆಯುವ ಮೊದಲೇ.

"ನಾನು ಕ್ಷಮೆ ಕೇಳೋಕೆ ಬಂದಿಲ್ಲ," ಎಂದರು ಟೀಚರ್. "ಕೇಳೋ ಮುಖ ಇಲ್ಲ. ನನ್ನ ಬಾಯಿಂದಲೇ ಹೇಳ್ಬೇಕು ಅಂತ ಬಂದೆ."

ಆಕೆ ಇನ್ನೊಂದು ಕ್ರೇಟನ್ನು ಕಾಲಿನಿಂದ ಎಳೆದುಕೊಂಡು ಕೂತಳು. ಕೈಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ನೋಡಿ ಟೀಚರೇ. ನೀವು ಪುಸ್ತಕದಲ್ಲಿ ಏನೋ ಬರ್ಕೊಂಡ್ರಿ, ಆಫೀಸಿನವರು ಏನೋ ಓದ್ಕೊಂಡ್ರು. ಅದೆಲ್ಲ ನಂಗೆ ದೂರದ ಮಾತು. ನಮ್ಮಂಥವರ ಮಾತು ಅವರು ಹೇಗೂ ಕೇಳ್ತಿರ್ಲಿಲ್ಲ ಅಂತಾನೇ ಇಟ್ಕೊಳ್ಳಿ. ನಂಗೆ ಹೊಟ್ಟೆ ಉರಿಯೋದು ಬೇರೆ." ಏಪ್ರನ್ ಮಡಚಿ ಪಕ್ಕಕ್ಕಿಟ್ಟಳು. "ಆವತ್ತು ನನ್ನ ಮಗಳು ಸ್ಕೂಲಿಂದ ಬಂದು ಅಡುಗೆ ಮನೆಯಲ್ಲಿ ಮೂರು ಪಾತ್ರೆ ಇಟ್ಟಳು. ನನ್ನ ಕೈ ಹಿಡಿದು ಅದ್ದಿದ್ಲು. 'ನೋಡಿದ್ಯಾ ಅಮ್ಮ, ನಿನ್ನ ಕೈ ಸುಳ್ಳು ಹೇಳುತ್ತೆ' ಅಂದ್ಲು. ಓದೋ ಮಗು, ನಿಜ ಇರ್ಬೇಕು ಅಂದ್ಕೊಂಡೆ. ಇಪ್ಪತ್ತು ವರ್ಷ ಆ ನೀರಲ್ಲೇ ಸೊಂಟದವರೆಗೆ ನಿಂತಿದ್ದೀನಿ ಟೀಚರೇ. ಯಾವ ಮೂಲೆಯಲ್ಲಿ ತಂಪು, ಎಲ್ಲಿ ತಳದಿಂದ ಊಟೆ ನೀರು ಉಕ್ಕುತ್ತೆ, ಎಲ್ಲ ಗೊತ್ತಿತ್ತು. ಎಂಟು ದಿನ ಬಿಟ್ಟು ತನಿಖೆಯವರು ಬಂದು, 'ನೀರು ಬಿಸಿ ಇತ್ತಾ, ಖಚಿತವಾಗಿ ಹೇಳಮ್ಮ' ಅಂದ್ರು. ಬೇರೆಯವರೆಲ್ಲ ಇತ್ತು ಇತ್ತು ಅಂದ್ರು. ನನ್ನ ಸರದಿ ಬಂದಾಗ, 'ಗೊತ್ತಿಲ್ಲ ಸಾರ್, ಕೈಗೆ ಹಾಗೆ ಅನ್ನಿಸಿರಬಹುದು' ಅಂದುಬಿಟ್ಟೆ. ನನ್ನ ಜೊತೆಯವರು ಆರು ತಿಂಗಳು ನನ್ನ ಜೊತೆ ಮಾತಾಡ್ಲಿಲ್ಲ. ಕಾರ್ಖಾನೆಯವರು ಏನೋ ಕೊಟ್ಟಿರ್ಬೇಕು ಇವಳಿಗೆ ಅಂದ್ರು."

ಟೀಚರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಹೋದಾಗಲೂ ಬಾರದ ಅಳು ಆ ಮೀನಿನ ಶೆಡ್ಡಿನ ಮುಂದೆ, ಹೋಗಿ ಬರುವವರ ಎದುರಿಗೆ, ಬಿಕ್ಕಿ ಬಿಕ್ಕಿ ಬಂತು. ಪಾದರಸಳ ತಾಯಿ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅಳು ನಿಂತ ಮೇಲೆ, "ಕತ್ತಲಾಗುತ್ತೆ, ಹೋಗಿ," ಎಂದಳು. "ಆ ಜಾಗದಲ್ಲಿ ನಿಜವಾಗಿ ಏನಾಯ್ತು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ ಅಲ್ವಾ?"

"ಗೊತ್ತಾಗಲ್ಲ," ಎಂದರು ಟೀಚರ್. "ಕಾರ್ಖಾನೆಯ ನೀರೋ, ಬಿಸಿಲೋ, ಬೇರೆ ರೋಗವೋ. ನಾನು ಅಲ್ಲಿದ್ದು ಅಳೆದಿದ್ರೆ ಗೊತ್ತಾಗ್ತಿತ್ತು."

"ಹೂಂ," ಎಂದಳು ಆಕೆ.

ಪಾದರಸ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ಬಂದಳು; ಮೊದಲ ಬೆಂಚು ಬಿಟ್ಟು ಕಿಟಕಿಯ ಪಕ್ಕ ಕೂತಳು. ಕೊನೆಯ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು: "ಬೋಗುಣಿ ಇಟ್ಟಾಗ ನಿಮಗೆ ಗೊತ್ತಿತ್ತಾ ಟೀಚರ್?"

"ಗೊತ್ತಿತ್ತು."

ಅವಳು ತಲೆಯಾಡಿಸಿದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಶಾಲೆಗೇ ಹೆಚ್ಚು ಅಂಕ ತೆಗೆದಳು. ಮುಂದಿನ ಓದಿಗೆ ಬೇರೆ ಶಾಲೆ ಸೇರಿದಳು. ಹೋಗುವಾಗ ಎಲ್ಲ ಶಿಕ್ಷಕರಿಗೂ ಹೇಳಿ ಹೋದಂತೆ ಇವರಿಗೂ ಹೇಳಿ ಹೋದಳು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕೇಂದ್ರದವರು ತನಿಖೆಯವರಿಗೆ ತಿದ್ದುಪಡಿಯ ಪತ್ರ ಬರೆದರು. ಅದಕ್ಕೆ ಮೇಡಂ ಜೊತೆ ಟೀಚರೂ ಸಹಿ ಹಾಕಿದರು. ಮೂರು ತಿಂಗಳಾದ ಮೇಲೆ ಉತ್ತರ ಬಂತು: ಪ್ರಕರಣ ಹಳೆಯದು, ಮತ್ತೆ ತೆರೆಯಲು ಬರುವುದಿಲ್ಲ, ಇನ್ನು ಮುಂದೆ ಕಾರ್ಖಾನೆಯ ಕೊಳವೆಯ ಬಾಯಿಗೇ ಅಳೆಯುವ ಯಂತ್ರ ಕೂರಿಸಲಾಗುವುದು. ಯಂತ್ರವೇನೋ ಬಂತು. ಅಳತೆ ಟೀಚರ ಶಾಲೆಯನ್ನು ಒಂದು ವರ್ಷ ಪಟ್ಟಿಯಿಂದ ಬಿಟ್ಟರು. ಪೆಟ್ಟಿಗೆಯ ಕೀಲಿ ಗಣಿತದ ಹೊಸ ಮೇಷ್ಟ್ರ ಕೈಗೆ ಹೋಯಿತು. ನಿರ್ದೇಶಕರು ಕಾರ್ಯಕ್ರಮವನ್ನೇ ನಿಲ್ಲಿಸುವ ಮಾತಾಡಿದರು. ಮೇಡಂ ಹನ್ನೊಂದು ಚೀಟಿಗಳನ್ನು ಅವರ ಮೇಜಿನ ಮೇಲಿಟ್ಟು, ತಪ್ಪು ತಾನಾಗಿ ಒಪ್ಪಿಕೊಳ್ಳುವ ಶಾಲೆಗಳ ಅಂಕಿಯನ್ನು ಇನ್ನು ನಂಬಬಹುದು ಎಂದು ವಾದ ಮಾಡಿದರಂತೆ. ಎಂಬತ್ತರಲ್ಲಿ ನಲವತ್ತು ಶಾಲೆ ಉಳಿದವು. ಪುಸ್ತಕದ ಪ್ರತಿ ಪುಟದಲ್ಲೂ ಹೊಸದಾಗಿ ಒಂದು ಕಾಲಂ ಬಂತು: 'ಅಳೆಯಲಿಲ್ಲ'. ಆ ಕಾಲಂನಲ್ಲಿ ಗುರುತು ಹಾಕಿದರೆ ಕಾರಣ ಕೇಳಬಾರದು ಎಂದು ಮೇಡಂ ನಿಯಮ ಮಾಡಿದರು.

ಮುಂದಿನ ವರ್ಷದ ತರಬೇತಿಗೆ ಅಳತೆ ಟೀಚರನ್ನು ಕರೆಯಬಾರದೆಂದು ಕೆಲವರು ಹೇಳಿದರೂ ಮೇಡಂ ಕರೆದರು. ಅಲ್ಲಿ ಎರಡನೆಯ ದಿನದ ಪಾಠ ಸಭಾಂಗಣದಲ್ಲಿ ಇರಲಿಲ್ಲ. ಇಳಿತದ ಹೊತ್ತಿಗೆ ಎಲ್ಲರನ್ನೂ ಅಳಿವೆಯ ಕೆಸರಿಗೆ ಕರೆತಂದಿದ್ದರು. ಪಾಠ ಹೇಳುವವಳು ಪಾದರಸಳ ತಾಯಿ. ಆಕೆಯನ್ನು ಒಪ್ಪಿಸಲು ಮೇಡಂ ಶೆಡ್ಡಿಗೆ ಮೂರು ಸಲ ಅಲೆದಿದ್ದರು; ಮೂರನೆಯ ಸಲ, "ನನ್ನ ಜೊತೆಯವರನ್ನೂ ಕರೆದ್ರೆ ಬರ್ತೀನಿ, ಒಬ್ಬಳೇ ಬರಲ್ಲ," ಎಂದಿದ್ದಳಂತೆ. ಐದು ಜನ ಬಂದಿದ್ದರು. ಬುಟ್ಟಿ ಸೊಂಟಕ್ಕೆ ಕಟ್ಟಿ, ಬರಿಗಾಲಿನಲ್ಲಿ.

"ಇಲ್ಲಿ ಗುಳ್ಳೆ ಬರ್ತಿದೆ ನೋಡಿ. ಕೆಳಗೆ ಜೀವ ಇದೆ. ಇಲ್ಲಿ ಬರ್ತಿಲ್ಲ. ಇದು ಸತ್ತ ಜಾಗ. ಬರ್ಕೊಳ್ಳಿ," ಎಂದಳು ಆಕೆ. ಮೇಷ್ಟ್ರುಗಳೆಲ್ಲ ಪ್ಯಾಂಟು ಮಡಚಿ, ಟೀಚರುಗಳೆಲ್ಲ ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು ಬರೆದುಕೊಂಡರು. ಒಬ್ಬರು, "ಗುಳ್ಳೆ ಎಷ್ಟು ಹೊತ್ತಿಗೊಂದು ಬರುತ್ತೆ?" ಎಂದು ಕೇಳಿದರು. ಆಕೆಯೂ ಜೊತೆಯವಳೂ ಮುಖ ಮುಖ ನೋಡಿಕೊಂಡು ನಕ್ಕರು. "ಎಣಿಸಿಲ್ಲ. ನೀವೇ ಎಣಿಸಿ ಹೇಳಿ, ನಮಗೂ ಗೊತ್ತಾಗ್ಲಿ," ಎಂದಳು. ಹತ್ತು ಜನ ಗಡಿಯಾರ ಹಿಡಿದು ಕೆಸರಿನ ಮೇಲೆ ಬಗ್ಗಿದರು.

ಅಳತೆ ಟೀಚರ್ ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಐವತ್ತು ದಾಟಿದ ಕಾಲು. ಮೆತ್ತನೆಯ ಜಾಗಕ್ಕೆ ಹೆಜ್ಜೆಯಿಟ್ಟರು, ಮೊಣಕಾಲಿನವರೆಗೆ ಹೂತುಹೋಯಿತು. ಎಳೆದಷ್ಟೂ ಇಳಿಯಿತು. ಕೂಗಲು ನಾಚಿಕೆ. ಮುಂದಿದ್ದ ಪಾದರಸಳ ತಾಯಿ ತಿರುಗಿ ನೋಡಿದಳು, ಬುಟ್ಟಿಯನ್ನು ಹಿಂದಕ್ಕೆ ಸರಿಸಿಕೊಂಡು ಬಂದಳು.

"ಮೇಲಕ್ಕೆ ಎಳೀಬೇಡಿ. ಮೊದಲು ಹಿಮ್ಮಡಿ ಅಲ್ಲಾಡಿಸಿ, ಒಳಗೆ ನೀರು ಹೋಗ್ಲಿ. ಹಾಂ. ಈಗ ಬೆರಳು ಕೆಳಗೆ ಮಾಡಿ." ಟೀಚರ ಕಂಕುಳಿಗೆ ತನ್ನ ಭುಜ ಕೊಟ್ಟು ನಿಂತಳು. ಕಾಲು ಪಚಕ್ಕೆಂದು ಹೊರಬಂತು.

"ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬನ್ನಿ," ಎಂದು ಹೇಳಿ ಆಕೆ ತಿರುಗಿ ನಡೆದಳು. ಉಬ್ಬರ ಏರುವುದರೊಳಗೆ ಆಚೆಯ ದಿಬ್ಬ ಮುಟ್ಟಬೇಕಿತ್ತು. ಟೀಚರ್ ಕೆಸರಿನಲ್ಲಿ ಆಕೆಯ ಹೆಜ್ಜೆ ಹುಡುಕುತ್ತಾ ಹಿಂದೆ ಹೊರಟರು.